ಕೋವಿಗೆ ಕುಂಕುಮ

ನಮ್ಮ ಜನ ಒಂದು ವಸ್ತುವಿಗೆ ಕುಂಕುಮ ಹಚ್ಚಿದರು ಅಂದರೆ ಆ ವಸ್ತುವಿನ ಕತೆ ಮುಗಿಯಿತೆಂದೇ ತಿಳಿಯಿರಿ. ನೀವು ನಗುತ್ತೀರಿ. ನಗಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಹೊರಗೆ ಹೋಗಿ ನಿಮ್ಮ ಸ್ಕೂಟರನ್ನು ಒಮ್ಮೆ ನೋಡಿಕೊಂಡು ಬನ್ನಿ. ಹೋದ ದಸರೆಯಲ್ಲಿ ದೀಪದ ಗಾಜಿನ ಮೇಲೆ ಎಳೆದ ಗಂಧದ ಪಟ್ಟೆ ಇನ್ನೂ ಅಲ್ಲೇ ಇರುತ್ತದೆ. ಹ್ಯಾಂಡಲಿಗೆ ಕಟ್ಟಿದ ಮಾಲೆಯ ದಾರ ಬ್ರೇಕಿನ ತಂತಿಗೆ ಸುತ್ತಿಕೊಂಡಿರುತ್ತದೆ. ಎಂಜಿನ್ ಆಯಿಲ್ ಬದಲಿಸಿ ಎಷ್ಟು ಕಾಲವಾಯಿತು ಎಂದು ಕೇಳಿದರೆ ಮಾತ್ರ ನೀವು ಆಕಾಶ ನೋಡುತ್ತೀರಿ. ಪೂಜೆ ಮಾಡಿದ್ದೇವಲ್ಲ, ಇನ್ನು ಅದರ ಭಾರ ದೇವರದ್ದು.

ನನಗೆ ಸಿಟ್ಟು ಬಂದಿದೆ ಎಂದು ನಿಮಗೆ ಈಗಾಗಲೇ ಗೊತ್ತಾಗಿರಬೇಕು. ಹೈಸ್ಕೂಲಿನಲ್ಲಿ ಪೀಟಿ ಟೀಚರಾಗಿ ಜೀವಮಾನವಿಡೀ ಸೀಟಿ ಊದಿದವಳು ನಾನು. ನನಗೆ ಸಿಟ್ಟು ಬಂದರೆ ಕೋಡಿಬಾಗದ ನನ್ನ ಮನೆಯಿಂದ ಕಾಳಿ ನದಿ ದಾಟಿ ಸದಾಶಿವಗಡಕ್ಕೂ ಕೇಳುತ್ತದೆ ಎಂದು ನಮ್ಮವರು ತಮಾಷೆ ಮಾಡುತ್ತಾರೆ. ಡಾಕ್ಟರು ಬಿ.ಪಿ. ನೋಡಿ, ಸಿಟ್ಟು ಸ್ವಲ್ಪ ಕಡಿಮೆ ಮಾಡಿ ಶಾಲಿನಿ ಟೀಚರ್ ಎಂದರು. ಮಾತ್ರೆ ಬರೆದುಕೊಡಿ ಸಾಕು, ಸಿಟ್ಟಿನ ಕಾರಣಗಳನ್ನು ಕಡಿಮೆ ಮಾಡುವುದು ನಿಮ್ಮ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ ಎಂದೆ. ಈಗ ಇದನ್ನು ಬರೆಯುವಾಗಲೂ ನನ್ನ ಉಗುರಿನ ಸಂದಿಯಲ್ಲಿ ಕಪ್ಪು ಮಸಿ ಇದೆ. ಸೋಪಿಗೆ ಹೋಗಲಿಲ್ಲ, ಸೀಗೆಪುಡಿಗೂ ಹೋಗಲಿಲ್ಲ. ನಿನ್ನೆ ಬಂಗುಡೆ ಸಾರು ಕಲಸಿ ಉಣ್ಣಲು ಕೂತರೆ ಬೆರಳಿನಿಂದ ಸೀಮೆಎಣ್ಣೆಯ ವಾಸನೆ ಬಂತು. ಅದಕ್ಕೂ ಸಿಟ್ಟು ಬಂತು.

ಈ ಮಸಿ ಒಂದು ಕೋವಿಯ ನಳಿಗೆಯದು. ಕೋವಿ ಮೊದಲು ನನ್ನ ಅಪ್ಪನದಾಗಿತ್ತು. ಆಮೇಲೆ ದಾದಾನದಾಯಿತು, ಅಂದರೆ ನನ್ನ ಅಣ್ಣನದು. ಈಗ ವೈನಿಯದು. ವೈನಿ ಎಂದರೆ ದಾದಾನ ಹೆಂಡತಿ, ಕಿನ್ನರದಲ್ಲಿ ನಮ್ಮ ಗದ್ದೆ ಮಾಡಿಕೊಂಡಿರುವವಳು. ದಾದಾ ಎರಡು ಮಳೆಗಾಲದ ಹಿಂದೆ ತೀರಿಕೊಂಡ. ಲೈಸೆನ್ಸು ಇದ್ದವನು ಸತ್ತರೆ ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕು, ಒಪ್ಪಿಸಿದೆವು. ಅದು ಅಲ್ಲಿ ಬೀಗದೊಳಗೆ ಕೂತಷ್ಟು ಕಾಲವೂ ಇಲ್ಲಿ ಕಾಡುಹಂದಿಗಳಿಗೆ ಸುಗ್ಗಿ. ಭತ್ತ ಹಾಲುಗಟ್ಟುವುದನ್ನೇ ಕಾದುಕೊಂಡಿದ್ದು ಮರಿಗಳ ಸಮೇತ ಬಂದು ತಿಂದು, ಹೊರಳಾಡಿ ಹೋದವು. ವೈನಿ ಡಬ್ಬ ಬಡಿದಳು, ಪಟಾಕಿ ಹೊಡೆದಳು, ಹಳೇ ಸೀರೆಗಳನ್ನು ಬೇಲಿಗೆ ಕಟ್ಟಿದಳು. ಸೀರೆ ಚೆನ್ನಾಗಿದೆ ಎಂದು ಹಂದಿಗಳು ಇನ್ನಷ್ಟು ಹತ್ತಿರ ಬಂದವೋ ಏನೋ. ಎರಡು ವರ್ಷವೂ ಅವಳ ಮನೆಗೆ ಬಂದದ್ದು ಬರೀ ಹುಲ್ಲು.

ಮೂರನೆಯ ಬೆಳೆಯೂ ಹೀಗೇ ಆದರೆ ಗದ್ದೆಯನ್ನು ಗಜುವಿಗೆ ಬಿಟ್ಟುಕೊಡುವುದು ಎಂದು ಮಾತಾಗಿತ್ತು. ಮಾತು ಎಂದರೆ ಗಜುವೇ ಆಡಿದ್ದು. ವೈನಿ ಹೂಂ ಎನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಗಜು ನಮ್ಮ ಚಿಕ್ಕಪ್ಪನ ಮಗ, ಅಂಕೋಲೆಯವನು, ಇಶಾಡು ಮಾವಿನ ತೋಟ ಮಾಡಿಕೊಂಡಿದ್ದಾನೆ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಇಷ್ಟು ಕಷ್ಟ ಇರಲಿಲ್ಲ. ಮೊದಲ ಕೊಯ್ಲಿನ ಇಶಾಡನ್ನು ಬುಟ್ಟಿ ತುಂಬಿ ನಮ್ಮೆಲ್ಲರ ಮನೆಗೆ ಮುಟ್ಟಿಸುತ್ತಾನೆ, ಸಾವಿಗೆ ಮೊದಲು ಬರುತ್ತಾನೆ, ಮದುವೆಯಿಂದ ಕೊನೆಗೆ ಹೋಗುತ್ತಾನೆ. ಎಲ್ಲರ ಒಳ್ಳೆಯದು ತನಗೊಬ್ಬನಿಗೇ ಗೊತ್ತು ಎಂದು ನಂಬಿದ ಜಾತಿ. ವೈನಿಯ ಒಳ್ಳೆಯದಕ್ಕೆ ಅವನು ಕಂಡುಕೊಂಡ ದಾರಿ ಏನೆಂದರೆ, ಕೋವಿ ಅಂಕೋಲೆಯಲ್ಲಿ ಅವನ ಮನೆಯಲ್ಲಿರಬೇಕು, ಹಂದಿ ಬಂದಾಗ ವೈನಿ ಫೋನು ಮಾಡಬೇಕು, ಅವನು ಬಂದು ಹೊಡೆಯಬೇಕು. ಅಲ್ಲಿಯ ತನಕ ಹಂದಿಗಳು ಗದ್ದೆಯಂಚಿನ ಮಣ್ಣಿನ ಹುಣಿಯ ಮೇಲೆ ಸಾಲಾಗಿ ಕೂತು ಗಜುವಿನ ದಾರಿ ಕಾಯಬೇಕು. ಒಬ್ಬರ ಹೆಸರಿನ ಕೋವಿ ಇನ್ನೊಬ್ಬರ ಮನೆಯಲ್ಲಿರುವುದು ಅಪರಾಧ ಮಾರಾಯಾ ಎಂದರೆ, ಮನೆಯವರೊಳಗೆ ಎಂತಾ ಅಪರಾಧ ಅಕ್ಕಾ ಎಂದು ನಕ್ಕುಬಿಡುತ್ತಾನೆ.

ವೈನಿ ಈ ಯಾವ ಮಾತಿಗೂ ಎದುರಾಡಲಿಲ್ಲ. ಸುಮ್ಮನೆ ಬಸ್ಸು ಹತ್ತಿ ಹತ್ತಿ ಕಚೇರಿಗಳಿಗೆ ಹೋದಳು. ಹೆಂಗಸಿಗೆ ಎಂತಕ್ಕೆ ಕೋವಿ ಎಂದು ಕೇಳಿದವರಿಗೆಲ್ಲ, ಹಂದಿಗೆ ನಾನು ಹೆಂಗಸು ಹೇಳಿ ಗೊತ್ತಿಲ್ಲ ಎಂದಳಂತೆ. ಹೊಡೆಯುವುದನ್ನೂ ಕಲಿತು ಬಂದಳು. ಕೊಲ್ಲಲಿಕ್ಕಲ್ಲ, ಸದ್ದಿಗೆ. ಒಂದು ಈಡಿನ ಸದ್ದಿಗೆ ಹಂದಿ ನಾಲ್ಕು ದಿನ ಆ ಕಡೆ ಸುಳಿಯುವುದಿಲ್ಲ. ಅಂತೂ ಈ ಸಲದ ಚೌತಿ ಕಳೆದ ಮೇಲೆ ಲೈಸೆನ್ಸು ಅವಳ ಹೆಸರಿಗೆ ಬಂತು. ಠಾಣೆಯವರು ನಾವು ಕೊಟ್ಟ ಕೋವಿಯನ್ನು ನಾವು ಕೊಟ್ಟ ಹಾಗೆಯೇ ವಾಪಸು ಕೊಟ್ಟರು. ಗದ್ದೆಯಲ್ಲಿ ಭತ್ತ ತೆನೆ ಬಿಡುತ್ತಿತ್ತು. ಅವತ್ತೇ ವೈನಿಯ ಫೋನು ಬಂತು, ಶಾಲೂ, ನಳಿಗೆ ಒಳಗೆ ಎಂತದೂ ಸಮಾ ಕಾಣೂದಿಲ್ಲ, ಒಂದ್ಸಲ ಬಾ ಎಂದು.

ಹೋದೆ. ಹೋಗುವಷ್ಟರಲ್ಲಿ ಗಜುವೂ ಅಲ್ಲಿದ್ದ. ನಮ್ಮದು ತೋಟೆ ಹಾಕುವ ಒಂಟಿ ನಳಿಗೆಯ ಕೋವಿ, ನಡುವಿಗೆ ಮಡಚುತ್ತದೆ. ಮಡಚಿ ಹಿಂದಿನ ಬಾಯಿಗೆ ಕಣ್ಣಿಟ್ಟು ಬೆಳಕಿನ ಕಡೆ ಹಿಡಿದರೆ, ಸ್ವಚ್ಛವಾದ ನಳಿಗೆಯೊಳಗೆ ಬೆಳಕು ಉಂಗುರ ಉಂಗುರವಾಗಿ ಕಾಣಬೇಕು. ನನಗೆ ಕಂಡದ್ದು ಬಿದಿಗೆಯ ಚಂದ್ರನಷ್ಟು ಬೆಳಕು. ಉಳಿದದ್ದೆಲ್ಲ ಕಪ್ಪು, ಅದೂ ನುಣ್ಣನೆಯ ಕಪ್ಪಲ್ಲ, ಹೊಗೆ ಹಿಡಿದ ಅಟ್ಟದ ಹಾಗೆ ಉಬ್ಬುತಗ್ಗಿನ ಕಪ್ಪು. ಗಜು ನನ್ನ ಕೈಯಿಂದ ತೆಗೆದುಕೊಂಡು ತಾನೂ ಕಣ್ಣಿಟ್ಟ.

"ಬೆಳಕು ಕಾಣ್ತದಲ್ಲ ಅಕ್ಕಾ. ಒಂದು ಈಡು ಹೊಡದ್ರೆ ಒಳಗಿದ್ದದ್ದೆಲ್ಲ ಹಾರಿ ಹೋಗ್ತದೆ. ವೈನಿಯೇ ಹೊಡೀಲಿ, ಲೈಸೆನ್ಸು ಅವಳದ್ದೇ ಅಲ್ದಾ" ಎಂದ.

ನಾನು ಕೂಗಿದ್ದು ಸದಾಶಿವಗಡಕ್ಕೆ ಕೇಳಿತೋ ಇಲ್ಲವೋ, ಅಂಗಳದ ಕೋಳಿಗಳಂತೂ ಓಡಿಹೋದವು. ಯಾಕೆ ಕೂಗಿದೆ ಎಂದು ಹೇಳಬೇಕಾದರೆ ಉಸ್ತಾದರ ವಿಷಯ ಹೇಳಬೇಕು.

ಕಾರವಾರದಲ್ಲಿ ಕಾಲೇಜಿಗೆ ಹೋಗುವಾಗ ನಾನು ಎನ್‌ಸಿಸಿ ಸೇರಿದ್ದೆ. ದೇಶಭಕ್ತಿಯಿಂದಲ್ಲ, ಪರೇಡು ಮುಗಿದ ಮೇಲೆ ಕೊಡುತ್ತಿದ್ದ ಪೂರಿ ಭಾಜಿಗೆ. ನಮಗೆ ರೈಫಲು ಕಲಿಸಲು ಬರುತ್ತಿದ್ದ ಹವಾಲ್ದಾರರನ್ನು ಉಸ್ತಾದ್ ಎನ್ನಬೇಕಿತ್ತು. ಉತ್ತರದ ಕಡೆಯವರು. ಅವರಿಗೆ ಹಿಂದಿ ಬಿಟ್ಟು ಬೇರೆ ಬಾರದು, ನಮಗೆ ಹಿಂದಿಯೊಂದು ಬಾರದು. ಆದರೂ ಒಂದು ಶಬ್ದವನ್ನು ಜನ್ಮಕ್ಕಾಗುವಷ್ಟು ಕಲಿತೆ, ಅದು ಚಿಂದಿ. ನಳಿಗೆ ಒರೆಸುವ ಬಟ್ಟೆಯ ತುಂಡಿಗೆ ಅವರು ಹಾಗೆನ್ನುತ್ತಾರೆ. ಹಗ್ಗದ ತುದಿಗೆ ಚಿಂದಿ ಸಿಕ್ಕಿಸಿ ನಳಿಗೆಯ ಒಂದು ಬಾಯಿಯಿಂದ ಇನ್ನೊಂದು ಬಾಯಿಗೆ ಎಳೆಯಬೇಕು. ಬೆಳ್ಳಗೆ ಹೋದ ಚಿಂದಿ ಬೆಳ್ಳಗೇ ಹೊರಗೆ ಬರುವ ತನಕ ಪೂರಿ ಭಾಜಿ ಇಲ್ಲ. ನಾನು ಎಳೆದ ಹಾಗೆ ಯಾವ ಹುಡುಗಿಯೂ ಎಳೆಯುತ್ತಿರಲಿಲ್ಲ, ಹಸಿವೆ ಅಂಥದ್ದು. ಗುರಿಯ ವಿಷಯ ಮಾತ್ರ ಕೇಳಬೇಡಿ. ನನ್ನ ಹಲಗೆ ಹೊಸದಾಗಿ ತಂದಿಟ್ಟ ಹಾಗೇ ಇರುತ್ತಿತ್ತು, ಪಕ್ಕದವಳ ಹಲಗೆಯಲ್ಲಿ ಅವಳು ಹೊಡೆದದ್ದಕ್ಕಿಂತ ಹೆಚ್ಚು ತೂತುಗಳು. ಅವಳಿಗೆ ಬಹುಮಾನವೂ ಬಂತು. ಉಸ್ತಾದ್ ನನ್ನನ್ನು ಕರೆದು, ಬೇಟಿ, ತುಮ್ ಸಫಾಯಿ ಕರೋ ಎಂದರು. ಹೊಡೆಯುವುದು ಬಿಡು, ಒರೆಸುತ್ತಾ ಇರು ಎಂದು ಅದರ ಅರ್ಥ ಎಂಬುದು ಹಿಂದಿ ಬಾರದ ನನಗೂ ತಿಳಿಯಿತು.

ಆ ಉಸ್ತಾದ್ ಒಂದು ದಿನ ಒಡೆದ ನಳಿಗೆಯೊಂದನ್ನು ತಂದು ನಮ್ಮೆದುರು ಇಟ್ಟಿದ್ದರು. ಬಾಳೆಹಣ್ಣು ಸುಲಿದ ಹಾಗೆ ಕಬ್ಬಿಣ ಸುಲಿದುಕೊಂಡಿತ್ತು. ಒರೆಸಿದವನು ಒಂದು ಚಿಂದಿಯನ್ನು ಒಳಗೇ ಮರೆತಿದ್ದನಂತೆ, ಹೊಡೆದವನಿಗೆ ಗೊತ್ತಿರಲಿಲ್ಲವಂತೆ. ಅಂಗೈಯಗಲದ ಬಟ್ಟೆ. ಇಲ್ಲಿ ನಮ್ಮ ಕೋವಿಯ ನಳಿಗೆಯಲ್ಲಿ ಏನು ಗಟ್ಟಿಯಾಗಿ ಕೂತಿದೆ ಎಂದೇ ಯಾರಿಗೂ ಗೊತ್ತಿಲ್ಲ, ಅದನ್ನು ವೈನಿ ಕೆನ್ನೆಗೆ ಆನಿಸಿಕೊಂಡು ಹೊಡೆಯಬೇಕಂತೆ, ಕಸ ಹಾರಿ ಹೋಗಲಿ ಎಂದು. ಹಾರಿ ಹೋಗುತ್ತಿದ್ದುದು ಕಸವಲ್ಲ. 

ಅಪ್ಪನ ಕಾಲದಲ್ಲಿ ಹೀಗಿರಲಿಲ್ಲ. ದಸರೆಯ ಮುಂಚಿನ ದಿನ ಅಪ್ಪ ಜಗಲಿಯ ಬಿಸಿಲಿಗೆ ಚಾಪೆ ಹಾಸಿ ಕೋವಿ ಬಿಚ್ಚುತ್ತಿದ್ದರು. ಸಪೂರ ಬಿದಿರು ಕೋಲು, ಹಳೇ ಧೋತರದ ಚೂರು, ಚಿಮಣಿಗೆ ಹಾಕುವ ಸೀಮೆಎಣ್ಣೆ. ಮಗ ಕಲಿಯಲಿ ಎಂದು ದಾದಾನನ್ನು ಕರೆದರೆ ಅವನು ಆಗಲೇ ಹೊಳೆಯಲ್ಲಿ ಏಡಿ ಹಿಡಿಯುತ್ತಿದ್ದ. ಕರೆಯದ ನಾನು ಎದುರಿಗೆ ಕೂತಿರುತ್ತಿದ್ದೆ. ಬಟ್ಟೆಯ ಚೂರು ಕೊಡುವುದು, ಕಪ್ಪಾದದ್ದನ್ನು ಬೇರೆ ಇಡುವುದು, ಕೊನೆಗೆ ನಳಿಗೆಗೆ ಕಣ್ಣಿಟ್ಟು ಉಂಗುರ ಕಂಡಿತು ಎಂದು ಹೇಳುವುದು ನನ್ನ ಕೆಲಸ. ನಾನು ಕಂಡಿತು ಎನ್ನದೆ ಅಪ್ಪ ಮೇಲೇಳುತ್ತಿರಲಿಲ್ಲ. ಮರುದಿನ ಪೂಜೆಯಲ್ಲಿ ಕುಂಕುಮ ಮರದ ಹಿಡಿಕೆಗೆ ಮಾತ್ರ, ಬಟಾಣಿಯಷ್ಟು. ಆಯಿ, ಅಂದರೆ ನಮ್ಮಮ್ಮ, ಮುಖ ಸಿಂಡರಿಸಿ, ಕಬ್ಬಿಣಕ್ಕೂ ಒಂದು ಬೊಟ್ಟು ಇಡಿ ಅನ್ನುತ್ತಿದ್ದಳು. ಅಪ್ಪ ಹೇಳುವುದು ಒಂದೇ: "ಕಬ್ಬಿಣಕ್ಕೆ ಒರೆಸೂದೇ ಪೂಜೆ. ಕುಂಕುಮ ಹಚ್ಚಿದ್ರೆ ಉಪ್ಪುಗಾಳಿಗೆ ಕೂತ್ಕೊಳ್ಳೂಕೆ ಮಣೆ ಹಾಕ್ದಂಗೆ."

ಅಪ್ಪನನ್ನು ಹೊಗಳಿದೆ ಎಂದು ಅವರ ಮೇಲೆ ಸಿಟ್ಟಿಲ್ಲ ಎಂದುಕೊಳ್ಳಬೇಡಿ. ಇಡೀ ದಿನ ಒರೆಸಲಿಕ್ಕೆ ನಾನು, ಪೂಜೆಯಾದ ಮೇಲೆ ಮೊದಲ ಈಡು ಹೊಡೆಯಲಿಕ್ಕೆ ದಾದಾ. ಏಡಿಯ ವಾಸನೆಯ ಕೈಯಲ್ಲಿ ಬಂದು ಕೋವಿ ಹಿಡಿಯುತ್ತಿದ್ದ. ನಾನೊಂದು ಸಲ ಹೊಡೀಲಾ ಅಪ್ಪಾ ಎಂದು ಕೇಳಿದ್ದಕ್ಕೆ, ಹೆಣ್ಮಕ್ಕಳ ಭುಜಕ್ಕೆ ಪೆಟ್ಟಾಗುತ್ತದೆ ಎಂದಿದ್ದರು. ಬಾವಿಯಿಂದ ಕೊಡ ಕೊಡ ನೀರು ಹೊತ್ತ ಭುಜ ಅದು. ಅವರ ಮಾತನ್ನು ನಂಬಿದೆ ಕೂಡ.

ಅಪ್ಪ ಹೋದ ಮೇಲೆ ಒರೆಸುವುದು ನಿಂತಿತು, ಪೂಜೆ ದೊಡ್ಡದಾಯಿತು. ದಾದಾನಿಗೆ ಮೈ ಬಗ್ಗಿಸುವುದು ಆಗದು. ಆಗ ಹಂದಿಗಳ ಕಾಟವೂ ಇಷ್ಟಿರಲಿಲ್ಲ, ಬರಬರುತ್ತಾ ಈಡು ಹೊಡೆಯುವುದನ್ನೂ ಬಿಟ್ಟ. ಗಜುವಿಗೆ ಮಂತ್ರಕ್ಕೆ ಒಳ್ಳೆಯ ಕಂಠ. ಪ್ರತಿ ದಸರೆಗೂ ಅಂಕೋಲೆಯಿಂದ ಬುಟ್ಟಿ ಹಿಡಿದು ಬಂದು ಕೋವಿಯನ್ನು ದೇವರ ಮುಂದೆ ಗೋಡೆಗೆ ಒರಗಿಸಿ, ಬಾಯಿ ಮೇಲೆ ಮಾಡಿ ನಿಲ್ಲಿಸುತ್ತಿದ್ದ. ಮೇಲಿಂದ ಕೆಳಗೆ ತೆಂಗಿನೆಣ್ಣೆ. ತೆಂಗಿನೆಣ್ಣೆಯ ಬಗ್ಗೆ ನಮ್ಮ ಕರಾವಳಿಯವರ ನಂಬಿಕೆ ನಿಮಗೆ ಗೊತ್ತೇ ಇದೆ. ತಲೆಗೆ ಅದೇ, ಗಾಯಕ್ಕೆ ಅದೇ, ಬಾಗಿಲ ತಿರುಗಣಿಗೆ ಅದೇ, ಆಯಿಯ ಹೊಲಿಗೆ ಯಂತ್ರಕ್ಕೂ ಅದನ್ನೇ ಬಿಟ್ಟು ಬಿಟ್ಟು ಕೊನೆಗೆ ಅದರ ಗಾಲಿ ತಿರುಗಿಸಲು ಇಬ್ಬರು ಬೇಕಾಗಿದ್ದರು. ಎಣ್ಣೆಯ ಮೇಲೆ ಅರಿಸಿನ ಕುಂಕುಮ, ಅದರ ಮೇಲೆ ಅಕ್ಷತೆ, ನಳಿಗೆಯ ಬಾಯಿಗೆ ಚೆಂದಕ್ಕೆಂದು ಒಂದು ಗೊಂಡೆ ಹೂವು. ನೋಡಲು ಚೆಂದವೇ ಇತ್ತು, ನಾನೂ ಕೈ ಮುಗಿದಿದ್ದೇನೆ. ಹೂವಿನಡಿ ಏನೇನು ಒಳಗಿಳಿಯುತ್ತಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ಈಗ ಕಿನ್ನರದ ಜಗಲಿಗೆ ಬನ್ನಿ. ಮೊದಲು ಸೀಮೆಎಣ್ಣೆ ಬೇಕು. ರೇಶನ್ ಅಂಗಡಿಯಲ್ಲಿ ಕೇಳಿದರೆ, ಅಂಗಡಿಯವ ನಾನು ಯಾವುದೋ ಹಳೇ ಫೋಟೋದೊಳಗಿಂದ ಎದ್ದು ಬಂದವಳೋ ಎಂಬಂತೆ ನೋಡಿದ. ಕೊನೆಗೆ ಸದಾಶಿವಗಡಕ್ಕೆ ಹೋದೆ. ಅಲ್ಲಿ ದೋಣಿಯ ಎಂಜಿನ್ನಿಗೆಂದು ಇಟ್ಟುಕೊಂಡಿರುತ್ತಾರೆ. ದೋಣಿಯವನೊಬ್ಬ ನನ್ನ ಹಳೆಯ ವಿದ್ಯಾರ್ಥಿ, ಮೈದಾನ ಸುತ್ತು ಹೊಡೆಯದೆ ತಪ್ಪಿಸಿಕೊಳ್ಳುತ್ತಿದ್ದವನು. ಎಂತಕ್ಕೆ ಟೀಚರ್ ಎಂದು ಕೇಳಿದ. ಕೋವಿಗೆ ಎಂದೆ. ಅವನು ಒಂದು ಹೆಜ್ಜೆ ಹಿಂದೆ ಸರಿದು, ಇನ್ನೇನೂ ಕೇಳದೆ ಬಾಟಲಿ ತುಂಬಿಸಿಕೊಟ್ಟ.

ನಾನು ಬರುವಷ್ಟರಲ್ಲಿ ಸಲಹೆಗಳೂ ಬಂದಿದ್ದವು. ಗಜು ಮೊಬೈಲಿನಲ್ಲಿ ನೋಡಿ, ಕೋಲಾ ಹೊಯ್ದಿಡಿ ಎಂದು ಹೇಳಿ ಕಳಿಸಿದ್ದ. ಹಲ್ಲಿನ ಪೇಸ್ಟೂ ಆಗುತ್ತದಂತೆ. ವೈನಿ ಹಿತ್ತಾಳೆಯ ಸಮೆ ದೀಪ ತಿಕ್ಕಿ ಬೆಳಗುವ ಲೆಕ್ಕದಲ್ಲಿ ಹುಣಸೆಹಣ್ಣು ನೆನೆಹಾಕಿ ಕೂತಿದ್ದಳು. ಹುಳಿ ಕಬ್ಬಿಣವನ್ನು ತಿನ್ನುತ್ತದೆ, ಮಸಿಯ ಜೊತೆ ನಳಿಗೆಯೂ ಹೋಗುತ್ತದೆ ಎಂದು ಅವಳಿಗೂ ಕೂಗಿದೆ. ಹಾಗಾರೆ ಸಾರಿಗೆ ಹಾಕ್ತೆ ಎಂದು ಎದ್ದು ಹೋದಳು. ಅವಳ ಜೊತೆ ಜಗಳವಾಡಲು ಬರುವುದಿಲ್ಲ, ಅದೇ ಒಂದು ತೊಂದರೆ.

ಹಳೇ ಚಪ್ಪಲಿಯ ರಬ್ಬರು ಕೊಯ್ದು ನಳಿಗೆಯ ಒಂದು ಬಾಯಿಗೆ ಬಿರ್ಡೆ ಹಾಕಿದೆವು. ಸೀಮೆಎಣ್ಣೆ ತುಂಬಿ ಒಲೆಯಿಂದ ದೂರ, ಹಿತ್ತಲ ಮೂಲೆಯಲ್ಲಿ ನಿಲ್ಲಿಸಿದೆವು. ಮರುದಿನ ಬೆಳಿಗ್ಗೆ ಬಗ್ಗಿಸಿದರೆ ಕಾಫಿ ಬಣ್ಣದ ನೀರು ಬಂತೇ ಹೊರತು ಗಂಟು ಅಲ್ಲಾಡಲಿಲ್ಲ. ಕೋಲಿಗೆ ಚಿಂದಿ ಸುತ್ತಿ ತಳ್ಳಿದೆ. ಅರ್ಧಕ್ಕೆ ಹೋಗಿ ಸಿಕ್ಕಿಕೊಂಡಿತು. ಎಳೆದರೆ ಬರದು, ತಳ್ಳಿದರೆ ಹೋಗದು. ಉಸ್ತಾದ್ ಕಣ್ಣ ಮುಂದೆ ಬಂದು ನಿಂತರು. ನಾನು ಜಗಲಿಯ ಕಂಬಕ್ಕೆ ಕಾಲು ಕೊಟ್ಟು ಎಳೆಯುವಾಗ ಕೋಲು ಚಿಂದಿ ಸಮೇತ ಫಕ್ಕನೆ ಕಿತ್ತುಬಂದು, ಪೀಟಿ ಟೀಚರು ಅಂಗಾತ ಬಿದ್ದಳು. ವೈನಿ ನಗಲಿಲ್ಲ, ಅದು ಅವಳ ದೊಡ್ಡ ಗುಣ. ಒಳಗೆ ಹೋಗಿ ಪಾತ್ರೆ ತಿಕ್ಕುವ ತೆಂಗಿನ ನಾರಿನ ಮುದ್ದೆ ತಂದು, ಬಟ್ಟೆ ಬಿಡು, ಇದ್ರಲ್ಲಿ ತಿಕ್ಕುವಾ, ಕಬ್ಬಿಣಕ್ಕೆ ಗೀರೂ ಬೀಳೂದಿಲ್ಲ ಎಂದಳು. ನಾರನ್ನು ಕೋಲಿಗೆ ಬಿಗಿದು ಒಬ್ಬರು ನಳಿಗೆ ಹಿಡಿದು, ಇನ್ನೊಬ್ಬರು ತಿರುವುತ್ತಾ ತಿಕ್ಕಿದೆವು. ಮತ್ತೆ ಸೀಮೆಎಣ್ಣೆ, ಮತ್ತೆ ನಾರು. ಹೀಗೆ ದಿನಗಳು ಹೋದವು. ಸಂಜೆಗೆ ಗದ್ದೆಯ ಆಚೆ ಹಂದಿಗಳ ಗುರುಗುಟ್ಟುವಿಕೆ ಕೇಳುತ್ತಿತ್ತು. ವೈನಿ ಒಮ್ಮೆ ಆ ಕಡೆ ನೋಡುವಳು, ಮತ್ತೆ ತಿರುವುವಳು.

ಕೊನೆಗೆ ಒಂದು ಬೆಳಿಗ್ಗೆ ಗಂಟು ಒಡೆದು ಹಾಸಿದ ಪೇಪರಿನ ಮೇಲೆ ಬಿತ್ತು. ನಾನು ಮಸಿಗೆ ತಯಾರಾಗಿದ್ದೆ. ಸುಟ್ಟ ಮದ್ದಿನ ಮಸಿ ಪ್ರಾಮಾಣಿಕ ಕೊಳೆ, ಕೆಲಸ ಮಾಡಿದ ಕೈಗೆ ಮಣ್ಣಾದ ಹಾಗೆ. ಬಿದ್ದದ್ದು ಬರೀ ಮಸಿಯಲ್ಲ. ಕಲ್ಲಾಗಿದ್ದ ಅಕ್ಕಿಕಾಳುಗಳು, ಗೊಂಡೆಯ ತೊಟ್ಟುಗಳು, ಇಟ್ಟಿಗೆಯ ಹಾಗೆ ಗಟ್ಟಿಯಾದ ಕುಂಕುಮ, ಇವನ್ನೆಲ್ಲ ಹಿಡಿದು ಅಂಟಿಸಿದ ತೆಂಗಿನೆಣ್ಣೆಯ ಜಿಗುಟು. ದಸರೆಗೊಂದರಂತೆ ಪದರ ಪದರವಾಗಿತ್ತು. ಅಣ್ಣತಮ್ಮಂದಿರಿಬ್ಬರೂ ಸೇರಿ ನಳಿಗೆಯೊಳಗೆ ಒಂದು ಗುಡಿಯನ್ನೇ ಕಟ್ಟಿದ್ದರು. ಅದರ ಹಿಂದೆ ತೋಟೆ ಹಾಕಿ ವೈನಿ ಹೊಡೆಯಬೇಕಿತ್ತು.

ಗಜುವಿಗೆ ಫೋನು ಮಾಡಿ ಬಾಯಿಗೆ ಬಂದದ್ದೆಲ್ಲ ಅಂದೆ. ಎಲ್ಲ ಕೇಳಿಸಿಕೊಂಡು, ಅಕ್ಕಾ, ಅದು ದೇವರ ಪ್ರಸಾದ, ಕಸ ಅನ್ನಬೇಡ ಎಂದ. ನಾನು ಫೋನನ್ನು ಎಸೆಯದೆ ಇಟ್ಟದ್ದು ಅದು ವೈನಿಯದು ಎಂಬ ಒಂದೇ ಕಾರಣಕ್ಕೆ.

ವೈನಿ ಆ ಕುಂಕುಮದ ಗಟ್ಟಿಯನ್ನು ಕೈಗೆತ್ತಿಕೊಂಡು ಹೊರಳಿಸಿ ನೋಡಿದಳು. ನನಗೆ ದಾದಾ ಹೋದ ದಿನಗಳು ನೆನಪಾದವು. ಕ್ರಿಯೆಯ ಹೊತ್ತಿಗೆ ಹಿರಿಯರು ಅನಿಸಿಕೊಂಡವರು ಸೇರಿ ಅವಳ ಹಣೆಯದನ್ನು ಅಳಿಸಿದರು. ಮುಂದೆ ನಿಂತು ಮೆತ್ತಗಿನ ದನಿಯಲ್ಲಿ, ಶಾಸ್ತ್ರ ವೈನಿ, ಎಂತಾ ಮಾಡೂದು, ಇನ್ನು ನಿಂಗೆ ಇದು ಆಗೂದಿಲ್ಲ ಎಂದವನು ಗಜುವೇ. ನಾನು ಕೂಗಾಡಿದೆ. ಯಾವ ಕಾಲದಲ್ಲಿದ್ದೀರಿ ಎಂದು ಕೇಳಿದೆ. ವೈನಿಯೇ ನನ್ನ ಕೈ ಹಿಡಿದು, ಇರ್ಲಿ ಬಿಡು ಶಾಲೂ ಎಂದಳು. ಅವಳ ಈ "ಇರ್ಲಿ ಬಿಡು" ಎಂಬ ಮಾತಿನ ಮೇಲೆ ನನಗಿರುವ ಸಿಟ್ಟು ಗಜುವಿನ ಮೇಲೂ ಇಲ್ಲ. ಈಗಲೂ ಏನಾದರೂ ಹೇಳುತ್ತಾಳೋ ಎಂದು ಕಾದೆ. ಗಟ್ಟಿಯನ್ನು ಪೇಪರಿನಲ್ಲಿ ಸುತ್ತಿ ತೆಂಗಿನ ಬುಡಕ್ಕೆ ಹಾಕಿ ಬಂದಳು.

ಆಮೇಲಿನದು ಮಾಮೂಲು ಮಸಿ. ಚಿಂದಿಯ ಮೇಲೆ ಚಿಂದಿ ಎಳೆದೆವು. ಕೊನೆಯದು ಬೆಳ್ಳಗೇ ಹೊರಗೆ ಬಂತು. ವೈನಿ ನಳಿಗೆಯನ್ನು ಆಕಾಶಕ್ಕೆ ಹಿಡಿದು ಕಣ್ಣಿಟ್ಟಳು, ಉಂಗುರ ಕಾಣ್ತದೆ ಎಂದಳು. ಅಪ್ಪನ ಎದುರು ಹೇಳುತ್ತಿದ್ದ ನನ್ನ ಮಾತು ಅದು. ಪೇಟೆಯಲ್ಲಿ ಕೋವಿ ರಿಪೇರಿಯವನ ಬಳಿ ಅವಳೇ ಒಯ್ದು ತೋರಿಸಿದಳು. ಒಳಗೆ ಅಲ್ಲಲ್ಲಿ ತುಕ್ಕು ತಿಂದ ಗುಳಿಗಳಿವೆ, ಆದರೆ ನಳಿಗೆ ಗಟ್ಟಿಯಿದೆ, ಹೊಡೆಯಬಹುದು ಎಂದನಂತೆ.

ಆಯುಧ ಪೂಜೆಯ ಬೆಳಿಗ್ಗೆ ಗಜು ಬಂದ. ನನ್ನ ಬೈಗುಳ ಅವನಿಗೆ ನೆನಪೂ ಇದ್ದಂತಿರಲಿಲ್ಲ. ಬುಟ್ಟಿಯಲ್ಲಿ ಗೊಂಡೆ ಹೂವು, ತೆಂಗಿನೆಣ್ಣೆಯ ಬಾಟಲಿ, ಕುಂಕುಮ, ಕೋವಿಗೆ ಉಡಿಸಲು ಕೆಂಪು ಹತ್ತಿಬಟ್ಟೆಯ ಹೊಸ ತುಂಡು. ಕೋವಿ ತಂದಿಡು ವೈನಿ ಎಂದ. ಅವಳು ತಂದು ದೇವರ ಮುಂದೆ ಚಾಪೆಯ ಮೇಲೆ ಮಲಗಿಸಿದಳು. ಅವನು ಅದನ್ನೆತ್ತಿ ಗೋಡೆಗೆ ಒರಗಿಸಿ, ಬಾಯಿ ಮೇಲೆ ಮಾಡಿ ನಿಲ್ಲಿಸಿ ಬಾಟಲಿಯ ಮುಚ್ಚಳ ತಿರುವಿದ.

"ವೈನಿ ಕೈಯಲ್ಲಿ ಪೂಜೆ ಆಗೂದಿಲ್ಲ ಅಲ್ದಾ, ನಾ ಮಾಡ್ತೆ. ಪೂಜೆ ಆದ್ಮೇಲೆ ಕೋವಿ ಅಂಕೋಲೆಗೆ ತಕಂಡು ಹೋಗ್ತೆ. ಗಂಡಸ್ರಿಲ್ಲದ ಮನೇಲಿ ಎಂತಕ್ಕೆ ಅದು" ಎಂದು ಬೆರಳನ್ನು ಕುಂಕುಮದಲ್ಲಿ ಅದ್ದಿದ.

ನಾನು ಬಾಯಿ ತೆರೆದೆ. ವೈನಿ ನನ್ನ ಕಡೆ ನೋಡದೆಯೇ ಕೈ ಎತ್ತಿ ತಡೆದಳು. ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಹಾಗೆ ತಡೆದದ್ದಿಲ್ಲ. ಕೋವಿಯನ್ನು ಗೋಡೆಯಿಂದ ತೆಗೆದು ತನ್ನ ಮಡಿಲಿಗೆ ಎಳೆದುಕೊಂಡಳು.

"ಕುಂಕುಮ ಬೇಡ ಗಜೂ."

"ಆಯುಧ ಪೂಜೆಗೆ ಕುಂಕುಮ ಬೇಡ್ವಾ?"

"ಕೋವಿ ಈಗ ನನ್ನ ಹೆಸ್ರಲ್ಲಿ ಅದೆ. ನಂಗೆ ಕುಂಕುಮ ಆಗೂದಿಲ್ಲ ಹೇಳಿ ನೀವೆಲ್ಲ ಸೇರಿ ಹೇಳಿದ್ರಿ. ನಂಗೆ ಆಗದ್ದು ನನ್ನ ಕೋವಿಗೂ ಆಗೂದಿಲ್ಲ. ನಾವಿಬ್ರೂ ಹಿಂಗೇ ಇರ್ತೇವೆ, ಇಲ್ಲೇ."

ದನಿ ಏರಿಸಲಿಲ್ಲ. ಅನ್ನ ಬಡಿಸುವಾಗ ಸಾಕಾ ಎಂದು ಕೇಳುವಷ್ಟೇ ದನಿ. ನಾನು ಇಡೀ ಜನ್ಮ ಕೂಗಿ ಕೂಗಿ ಹೇಳಲಾಗದ್ದು ಅದರಲ್ಲಿ ಮುಗಿದುಹೋಯಿತು. ಗಜುವಿನ ಕೆಂಪು ಬೆರಳು ಗಾಳಿಯಲ್ಲೇ ನಿಂತಿತ್ತು. ಎಲ್ಲಿ ಒರೆಸಬೇಕೆಂದು ತಿಳಿಯದೆ ಕೋವಿಯನ್ನು ನೋಡಿದ, ವೈನಿಯ ಹಣೆಯನ್ನು ನೋಡಿದ, ಅಲ್ಲಿಂದ ಕಣ್ಣು ತೆಗೆದ. ಕೊನೆಗೆ ತನ್ನ ಹಣೆಗೇ ಹಚ್ಚಿಕೊಂಡ. ಊಟಕ್ಕೆ ಕೂರು ಎಂದು ವೈನಿ ಎರಡು ಸಲ ಹೇಳಿದಳು. ತೋಟದಲ್ಲಿ ಕೆಲಸ ಅದೆ ಎಂದು ಬುಟ್ಟಿಯನ್ನೂ ಬಿಟ್ಟು ಹೊರಟ. ಅಂಗಳ ದಾಟುವವನನ್ನು ನೋಡಿ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಸಿಟ್ಟೇ ಇತ್ತು. ಇಷ್ಟು ಸಣ್ಣ ಮಾತನ್ನು ಹೇಳಿಸಿಕೊಳ್ಳಲು ಅವನಿಗೆ ಒಂದು ಕೋವಿ ಬೇಕಾಯಿತಲ್ಲ ಎಂದು.

ಸಂಜೆ ಕತ್ತಲಾಗುವ ಹೊತ್ತಿಗೆ ಗದ್ದೆಯ ಕೊನೆಯ ಹುಣಿಯಲ್ಲಿ ಪೊದೆ ಅಲ್ಲಾಡಿತು. ವೈನಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ತೋಟೆ ಹಾಕಿ, ಒಬ್ಬಳೇ ನಡೆದಳು. ನಾನು ಜಗಲಿಯಲ್ಲಿ ಎರಡೂ ಕಿವಿ ಮುಚ್ಚಿಕೊಂಡು ನಿಂತೆ. ಅವಳು ನಳಿಗೆಯನ್ನು ಹೊಳೆಯ ಮೇಲಿನ ಆಕಾಶಕ್ಕೆ ಎತ್ತಿ ಹೊಡೆದಳು. ಸದ್ದು ಕಾಳಿ ನದಿಯ ಮೇಲೆ ಹೋಗಿ, ಆಚೆ ಗುಡ್ಡಕ್ಕೆ ತಾಗಿ ಮತ್ತೆ ಬಂತು. ಹಂದಿಗಳು ಪೊದೆ ಮುರಿದುಕೊಂಡು ಓಡಿದವು. ಭತ್ತದ ತೆನೆಗಳು ನಿಂತಲ್ಲೇ ನಿಂತಿದ್ದವು.

ವೈನಿ ವಾಪಸು ಬಂದು ಭುಜ ತಿಕ್ಕಿಕೊಳ್ಳಲೂ ಇಲ್ಲ. ಕೋವಿ ಮಡಚಿ ಖಾಲಿ ತೋಟೆ ತೆಗೆದಿಟ್ಟು, ಜಗಲಿಯ ಬಲ್ಬಿಗೆ ನಳಿಗೆ ಹಿಡಿದು ಕಣ್ಣಿಟ್ಟಳು.

"ಮಸಿ ಅದೆ ಶಾಲೂ. ಚಿಂದಿ ಕೊಡು."

ಚಿಂದಿ ಒಂದೂ ಉಳಿದಿರಲಿಲ್ಲ. ಎಲ್ಲ ಕಪ್ಪಾಗಿ ಹಿತ್ತಲು ಸೇರಿದ್ದವು. ನಾನು ದೇವರ ಕೋಣೆಗೆ ಹೋಗಿ ಗಜು ಬಿಟ್ಟುಹೋದ ಬುಟ್ಟಿಯಿಂದ ಆ ಕೆಂಪು ಬಟ್ಟೆ ತಂದೆ. ಹಲ್ಲಿನಲ್ಲಿ ಅಂಚು ಕಚ್ಚಿ ಎರಡೂ ಕೈಯಲ್ಲಿ ಎಳೆದೆ. ಹೊಸ ಬಟ್ಟೆ, ಚರ್ರನೆ ಹರಿಯಿತು. ವೈನಿ ಕೋಲು ಹಿಡಿದು ಕೂತವಳು ತಲೆಯೆತ್ತಿ ನೋಡಿ, ಇನ್ನೂ ಸ್ವಲ್ಪ ಸಪೂರ ಹರಿ, ಇಲ್ಲದಿದ್ರೆ ಒಳಗೆ ಸಿಕ್ಕಿ ಬೀಳ್ತದೆ ಎಂದಳು. ಹರಿದೆ.